ಪದ ಪರಿಚಯ: ಆಫ್-ಏರ್ ರೆಕಾರ್ಡಿಂಗ್

'ಆಫ್ ಏರ್' ಅಂದ ಕೂಡಲೇ ನೆನಪಾಗುವುದು ನಿಂತುಹೋದ ಪ್ರಸಾರ. ಆದರೆ ಹಳೆಯ ಸೈನ್ಸ್ ಫಿಕ್ಷನ್ ಧಾರಾವಾಹಿಗಳ ಹುಚ್ಚು ಹಿಡಿದವರ ಬಾಯಲ್ಲಿ ಈ ಮಾತಿಗೆ ಅರ್ಥವೇ ಬೇರೆ. ಅಲ್ಲಿ 'ಆಫ್' ಅಂದರೆ 'ಇಂದ'. ಗಾಳಿಯಲ್ಲಿ ಬಂದದ್ದನ್ನು ಗಾಳಿಯಿಂದಲೇ ಹಿಡಿದಿಟ್ಟರೆ ಅದು ಆಫ್-ಏರ್ ರೆಕಾರ್ಡಿಂಗ್. ಸ್ಟುಡಿಯೊದ ಮೂಲ ಟೇಪಿನ ಪ್ರತಿ ಅಲ್ಲ, ಪ್ರಸಾರ ಆಗುತ್ತಿದ್ದಾಗ ಮನೆಯಲ್ಲಿ ಕೂತವರು ಮಾಡಿಕೊಂಡದ್ದು.

ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆಯವರಿಗೆ ಇದು ಹೊಸತೇನಲ್ಲ. ತಾಳಮದ್ದಲೆಯಲ್ಲಿ, ಅಂದರೆ ಕೂತು ಹಾಡು-ಮಾತುಗಳಲ್ಲೇ ನಡೆಸುವ ಯಕ್ಷಗಾನದಲ್ಲಿ, ಹಾಡುವ ಭಾಗವತರ ಮುಂದೆ ಸಾಲಾಗಿ ಟೇಪ್ ರೆಕಾರ್ಡರ್ ಇಡುತ್ತಿದ್ದದ್ದು ನೆನಪಿದೆ ಅಲ್ವಾ? ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ (ಪಾತ್ರವಾಗಿ ಆಡುವ ಮಾತು) ರಂಗೇರಿದಾಗಲೇ ಕ್ಯಾಸೆಟ್ಟಿನ ಒಂದು ಬದಿ ಮುಗಿದು 'ಟಕ್' ಅನ್ನುತ್ತಿತ್ತು. ನಾಲ್ಕೈದು ಕೈ ಒಟ್ಟಿಗೆ ಮುಂದೆ ಬರುತ್ತಿದ್ದವು. ತಿರುಗಿಸಿ ಹಾಕುವಷ್ಟರಲ್ಲಿ ಒಂದು ಒಳ್ಳೆಯ ಮಾತು ಹೋಗಿಯೇಬಿಡುತ್ತಿತ್ತು. ಸರಿಯಾಗಿ ಹೇಳುವುದಾದರೆ ಇದು ಆಫ್-ಏರ್ ಅಲ್ಲ, ಎದುರು ಕೂತು ಹಿಡಿದದ್ದು. ಮಂಗಳೂರು ಆಕಾಶವಾಣಿಯ ತಾಳಮದ್ದಲೆಯನ್ನು ರೇಡಿಯೊದಿಂದ ಹಿಡಿದವರದ್ದು ಅಪ್ಪಟ ಆಫ್-ಏರ್.

ಈ ಪದಕ್ಕೆ ಇಷ್ಟು ಬೆಲೆ ಬಂದದ್ದು 'ಡಾಕ್ಟರ್ ಹೂ' ಎಂಬ ಬ್ರಿಟಿಷ್ ಧಾರಾವಾಹಿಯಿಂದ. ಅದು ಬಿಬಿಸಿಯಲ್ಲಿ ಶುರುವಾದದ್ದು 1963ರ ನವೆಂಬರ್ 23ರಂದು. ಆಗ ಎರಡು ಇಂಚು ಅಗಲದ ವಿಡಿಯೊ ಟೇಪ್ ಬಹಳ ದುಬಾರಿ. ಆದರೆ ಅಳಿಸಿ ಮತ್ತೆ ಬಳಸಬಹುದಿತ್ತು. ಮರುಪ್ರಸಾರಕ್ಕೂ ನಟರ ಒಪ್ಪಂದಗಳಲ್ಲಿ ಮಿತಿ ಇತ್ತು. ಹಾಗಾಗಿ ಟೇಪುಗಳನ್ನು ಅಳಿಸಿದರು. ಹೊರದೇಶಗಳಿಗೆ ಮಾರಲು ಮಾಡಿದ್ದ 16 ಎಂಎಂ ಫಿಲ್ಮ್ ಪ್ರತಿಗಳನ್ನೂ 1970ರ ದಶಕದಲ್ಲಿ ಎಸೆದರು. ಅಲ್ಲಿ ಇಲ್ಲಿ ಉಳಿದದ್ದು ಮತ್ತೆ ಸಿಕ್ಕಿದ್ದೂ ಉಂಟು. 1992ರಲ್ಲಿ ಹಾಂಗ್‌ಕಾಂಗ್‌ನಿಂದ ನಾಲ್ಕು ಕಂತು ಬಂದವು. 2013ರಲ್ಲಿ ನೈಜೀರಿಯಾದಿಂದ ಒಂಬತ್ತು.

ಆಶ್ಚರ್ಯ ಇರುವುದು ಇಲ್ಲಿ. ಚಿತ್ರ ಕಳೆದುಹೋದ ಒಂದೊಂದು ಕಂತಿನ ಧ್ವನಿಯೂ ಉಳಿದಿದೆ. ವಿಡಿಯೊ ರೆಕಾರ್ಡರ್ ಇನ್ನೂ ಮನೆಗಳಿಗೆ ಬಂದಿರಲಿಲ್ಲ. ಶನಿವಾರ ಸಂಜೆ ಟಿವಿ ಎದುರು ಮೈಕ್ ಹಿಡಿದು ಕೂತ ಹುಡುಗರ ಕೆಲಸ ಅದು. ಕೆಲವರು ಟಿವಿಯ ಒಳಗಿಂದಲೇ ತಂತಿ ಎಳೆದು ರೆಕಾರ್ಡರಿಗೆ ಜೋಡಿಸಿದರು. ಆಗ ಕೋಣೆಯ ಕೆಮ್ಮು, ಕುರ್ಚಿ ಎಳೆದ ಸದ್ದು ಟೇಪಿಗೆ ಬರುವುದಿಲ್ಲ. 'ಪವರ್ ಆಫ್ ದ ಡಾಲೆಕ್ಸ್' ಕಥೆಯ ಆರು ಕಂತುಗಳನ್ನೂ 2016ರಲ್ಲಿ ಆ್ಯನಿಮೇಷನ್ ಮಾಡಿದಾಗ ಬಳಸಿದ್ದು ಇಂಥ ಧ್ವನಿಯನ್ನೇ.

ಇದರ ಜೊತೆಗೆ ಬರುವ ಇನ್ನೊಂದು ಪದ 'ಟೆಲಿಸ್ನ್ಯಾಪ್'. ಜಾನ್ ಕ್ಯುರಾ ಎಂಬವರು ಪ್ರಸಾರದ ಹೊತ್ತಿಗೆ ಟಿವಿ ಪರದೆಯ ಫೋಟೊ ತೆಗೆದು ನಟರಿಗೆ, ನಿರ್ದೇಶಕರಿಗೆ ಮಾರುತ್ತಿದ್ದರು. ಅಭಿಮಾನಿಗಳು ಈ ಫೋಟೊಗಳನ್ನು ಧ್ವನಿಗೆ ಜೋಡಿಸಿ ಕಳೆದುಹೋದ ಕಂತುಗಳನ್ನು ಮತ್ತೆ ಕಟ್ಟಿದರು. ನನಗೆ ಫೋಟೊ ಇಲ್ಲದೆ ಬರೀ ಧ್ವನಿ ಕೇಳುವುದೇ ಇಷ್ಟ. ವೇಷ ಇಲ್ಲ, ಕುಣಿತ ಇಲ್ಲ, ಮಾತಿನಲ್ಲೇ ಯುದ್ಧ. ತಾಳಮದ್ದಲೆ ಕೇಳಿ ಬೆಳೆದವರಿಗೆ ಅದೇನು ಕಷ್ಟ?

ನನ್ನದೂ ಒಂದು ಆಫ್-ಏರ್ ರೆಕಾರ್ಡಿಂಗ್ ಇದೆ. ಕಳೆದ ಮಳೆಗಾಲದಲ್ಲಿ ಮಾವನ ಮನೆಯ ಅಟ್ಟದಲ್ಲಿ ಸಿಕ್ಕಿತು. ಕ್ಯಾಸೆಟ್ಟಿನ ಮೇಲೆ ಮಾವನ ಕೈಬರಹ: 'ಕರ್ಣಪರ್ವ'. ಟೇಪಿಗೆ ಬೂಸ್ಟು ಹಿಡಿದಿತ್ತು. ಒರೆಸಿ ಹಾಕಿದೆವು. ಮೊದಲ ಬದಿ ಚೆನ್ನಾಗಿಯೇ ಇತ್ತು. ಎರಡನೇ ಬದಿಯಲ್ಲಿ ಕರ್ಣ ಶಲ್ಯನ ಜೊತೆ ಮಾತಾಡುತ್ತಿದ್ದಾನೆ, ಮದ್ದಲೆ ಏರುತ್ತಿದೆ, ಒಮ್ಮೆಗೇ 'ಕ್ಳಕ್'. ಮುಂದಿನದ್ದೆಲ್ಲ ಇಂಗ್ಲಿಷ್! 1980ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ಅಮೆರಿಕದ ಬಾಹ್ಯಾಕಾಶ ಧಾರಾವಾಹಿ 'ಸ್ಟಾರ್ ಟ್ರೆಕ್'. ಅದರ ಮೇಲೆ ನನ್ನ ಎಳೆಯ ದನಿ: "ತಳಿಯದ್ದೆ ಕೂರಿ, ರೆಕಾರ್ಡ್ ಆವ್ತಾ ಇದ್ದು!" (ಸುಮ್ಮನೆ ಕೂರಿ, ರೆಕಾರ್ಡ್ ಆಗ್ತಾ ಇದೆ!) ಹಿಂದಿನಿಂದ ಅಜ್ಜಿ: "ಕಾಪಿ ಕುಡಿವಲೆ ಬಾ!"

ಸ್ಟಾರ್ ಟ್ರೆಕ್‌ನ ಆ ಮೊದಲ ಸರಣಿಯ 79 ಕಂತುಗಳೂ ಈಗ ಬೇಕಾದಾಗ ನೋಡಲು ಸಿಗುತ್ತವೆ. ನಾನು ಹಿಡಿದಿಟ್ಟದ್ದು ಕಳೆದುಹೋಗದ್ದನ್ನು. ಅಳಿಸಿದ್ದು ಮಾತ್ರ ಇನ್ನೆಲ್ಲೂ ಇಲ್ಲದ್ದನ್ನು. ಬಿಬಿಸಿಯನ್ನು ಬೈಯುವ ಹಕ್ಕು ಅವತ್ತೇ ಹೋಯಿತು.

ಮಾವ ಪೂರ್ತಿ ಕೇಳಿದರು. "ಕರ್ಣ ಸಾವ ಮೊದಲೇ ರಾಕೆಟ್ ಬಂತನ್ನೆ!" ಅಂತ ನಕ್ಕರು. ಆಮೇಲೆ ಕನ್ನಡಕ ತೆಗೆದಿಟ್ಟು, ಕರ್ಣಪರ್ವ ನಡೆದ ರಾತ್ರಿ ಭಾಗವತರ ಮುಂದೆ ಇದ್ದ ಉಳಿದ ರೆಕಾರ್ಡರ್‌ಗಳು ಯಾರ್ಯಾರದ್ದು ಅಂತ ಬೆರಳು ಮಡಚಿ ಲೆಕ್ಕ ಹಾಕಿದರು. ಒಂದು ಪೆರ್ಲದ ಕಡೆಯವರದ್ದಂತೆ. ಮುಂದಿನ ಭಾನುವಾರ ಹೋಗುವುದೆಂದು ಆಗಿದೆ.