ಒಂದೇ ಆನೆ, ಎರಡೆರಡು ಸಲ

2003ರ ದಸರಾ ಮುಗಿದ ವಾರ. ಸರಸ್ವತಿಪುರಂನ ಸೈಬರ್ ಸೆಂಟರಿನಲ್ಲಿ ಕೂತು, ಜಂಬೂಸವಾರಿಯ ಅರ್ಧ ನಿಮಿಷದ ವಿಡಿಯೊವನ್ನು ನನ್ನ ವೆಬ್ ಪುಟಕ್ಕೆ ಸೇರಿಸಿದ್ದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಆನೆ ನಡೆಯಿತು. ಪಕ್ಕದ ಕಂಪ್ಯೂಟರಿನ ನೆಟ್‌ಸ್ಕೇಪ್‌ನಲ್ಲಿ ಬರೀ ಖಾಲಿ ಜಾಗ. 'ಅಂಬಾರಿ ಎಲ್ಲೋಯ್ತು ಸಾ?' ಅಂದ ಸೆಂಟರಿನ ಹುಡುಗ.

ಪುಟದಲ್ಲಿ ಎಲ್ಲಿ ಏನು ಬರಬೇಕೆಂದು ಬ್ರೌಸರಿಗೆ ಹೇಳುವ ಗುರುತೇ ಟ್ಯಾಗ್. ನಾನು ಬರೆದದ್ದು 'ಆಬ್ಜೆಕ್ಟ್' ಟ್ಯಾಗ್ ಒಂದನ್ನೇ, ಅದೂ ಎಕ್ಸ್‌ಪ್ಲೋರರ್ ಮಾಡಿದ ಮೈಕ್ರೋಸಾಫ್ಟಿನ ಆಕ್ಟಿವ್‌ಎಕ್ಸ್ ಎಂಬ ತಂತ್ರಕ್ಕೆ ಹೊಂದುವಂತೆ. ನೆಟ್‌ಸ್ಕೇಪ್ 1996ರಲ್ಲೇ ಪ್ಲಗಿನ್‌ಗಳಿಗಾಗಿ, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳಿಗಾಗಿ, 'ಎಂಬೆಡ್' ಎಂಬ ತನ್ನದೇ ಟ್ಯಾಗ್ ತಂದಿತ್ತು. ವೆಬ್ ಪುಟ ಬರೆಯುವ ಭಾಷೆಯ ಮರುವರ್ಷದ ಅಧಿಕೃತ ಆವೃತ್ತಿ ಎಚ್‌ಟಿಎಂಎಲ್ 4 ಆಬ್ಜೆಕ್ಟನ್ನು ಒಪ್ಪಿ ಎಂಬೆಡನ್ನು ಹೊರಗಿಟ್ಟಿತು. ಹೊರಗಿಟ್ಟರೇನು, ಅದಿಲ್ಲದೆ ಕೆಲಸ ನಡೆಯುತ್ತಿರಲಿಲ್ಲ. ಆಬ್ಜೆಕ್ಟಿನ ಹೊಟ್ಟೆಯೊಳಗೆ ಎಂಬೆಡ್ ತುರುಕಿ, ಫೈಲಿನ ವಿಳಾಸವನ್ನು ಎರಡೂ ಕಡೆ ಬರೆಯುವುದು ವಾಡಿಕೆಯಾಯಿತು. ಒಂದು ಕಡೆ ತಿದ್ದಿ ಇನ್ನೊಂದು ಮರೆತರೆ ಮುಗಿಯಿತು: ಒಂದು ಬ್ರೌಸರಿನಲ್ಲಿ ಈ ವರ್ಷದ ಆನೆ, ಇನ್ನೊಂದರಲ್ಲಿ ಹೋದ ವರ್ಷದ್ದು.

ನನ್ನ ಆನೆ ಕಾಣೆಯಾಗುವ ಎರಡು ತಿಂಗಳ ಹಿಂದಷ್ಟೇ ಅಮೆರಿಕದ ಕೋರ್ಟಿನಲ್ಲಿ ಇನ್ನೊಂದು ರಗಳೆ ಆಗಿತ್ತು. ಪುಟದೊಳಗೆ ಬೇರೆ ಪ್ರೋಗ್ರಾಂ ಓಡಿಸುವ ಉಪಾಯವೇ ತನ್ನ ಪೇಟೆಂಟ್ ಎಂದಿದ್ದ ಇಯೋಲಾಸ್ ಕಂಪನಿಗೆ ಮೈಕ್ರೋಸಾಫ್ಟ್ ಸುಮಾರು 52 ಕೋಟಿ ಡಾಲರ್ ಕೊಡಬೇಕೆಂದು ಜ್ಯೂರಿ ಹೇಳಿತು. ಆ ಪೇಟೆಂಟಿನಿಂದ ತಪ್ಪಿಸಿಕೊಳ್ಳಲು ಮೈಕ್ರೋಸಾಫ್ಟ್ ಮಾಡಿದ ಬದಲಾವಣೆಯ ಬಿಸಿ 2006ರಲ್ಲಿ ನಮಗೂ ತಟ್ಟಿತು: ಎಕ್ಸ್‌ಪ್ಲೋರರ್‌ನಲ್ಲಿ ಫ್ಲ್ಯಾಶ್ (ವಿಡಿಯೊ, ಆಟ ಓಡಿಸುವ ಪ್ಲಗಿನ್) ಚೌಕವನ್ನು ಮೊದಲು ಒಮ್ಮೆ ಒತ್ತಿ 'ಎಬ್ಬಿಸಿದ' ಮೇಲೇ ಅದರ ಬಟನ್‌ಗಳು ಮಾತು ಕೇಳುತ್ತಿದ್ದವು. ಟ್ಯಾಗನ್ನು ಹೊರಗಿನ ಜಾವಾಸ್ಕ್ರಿಪ್ಟ್ ಫೈಲಿನಿಂದ ಬರೆಸಿದರೆ ಆ ಕಾಟವಿಲ್ಲ. ಕಾನೂನಿಗೆ ಹೆದರಿ ಕೋಡ್ ಬರೆದ ಕಾಲ ಅದು. ಮೈಕ್ರೋಸಾಫ್ಟ್ 2007ರಲ್ಲಿ ರಾಜಿ ಮಾಡಿಕೊಂಡಿತು. ಆ ಪೇಟೆಂಟ್ ಊರ್ಜಿತವಲ್ಲ ಎಂದು ಟೆಕ್ಸಾಸಿನ ಜ್ಯೂರಿ ಹೇಳಿದ್ದು 2012ರಲ್ಲಿ. ಅಲ್ಲಿ ಸಾಕ್ಷಿ ಹೇಳಿದವರಲ್ಲಿ ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಕೂಡ ಒಬ್ಬರು.

ಅಷ್ಟರಲ್ಲಿ ಪ್ಲಗಿನ್ ಬೇಡದ 'ವಿಡಿಯೊ' ಟ್ಯಾಗ್ ಬಂದಿತ್ತು. ಒಪೆರಾ ಬ್ರೌಸರಿನವರು 2007ರಲ್ಲಿ ಮುಂದಿಟ್ಟದ್ದು. ಟ್ಯಾಗ್ ಒಂದಾಯಿತು, ಫೈಲ್ ಎರಡಾಯಿತು! ಮೊಜಿಲ್ಲಾದವರ 2009ರ ಫೈರ್‌ಫಾಕ್ಸ್ 3.5 ಬ್ರೌಸರಿಗೆ ಲೈಸೆನ್ಸ್ ಹಣ ಕೇಳದ ಥಿಯೋರಾ ಎಂಬ ವಿಡಿಯೊ ನಮೂನೆ ಬೇಕು, ಆಪಲ್‌ನ ಸಫಾರಿಗೆ ಎಚ್.264 ಎಂಬ ಇನ್ನೊಂದು ನಮೂನೆ. ಅದೇ ಆನೆಯನ್ನು ಎರಡು ಸಲ ಕನ್ವರ್ಟ್ ಮಾಡಿ ರಾತ್ರಿಯೆಲ್ಲ ಅಪ್‌ಲೋಡ್‌ಗೆ ಹಾಕಿ ಮಲಗಿದ್ದೇನೆ. 2012ರಲ್ಲಿ ಮೊಜಿಲ್ಲಾ ಪಟ್ಟು ಸಡಿಲಿಸಿ, ಸಾಧನದಲ್ಲೇ ಇರುವ, ಎಚ್.264 ವಿಡಿಯೊ ಬಿಡಿಸಿ ತೋರಿಸುವ ಡಿಕೋಡರ್ ಬಳಸಲು ಒಪ್ಪಿತು. 2020 ಮುಗಿಯುವಾಗ ಫ್ಲ್ಯಾಶ್ ಕೂಡ ತೆರೆಮರೆಗೆ ಸರಿಯಿತು.

ಹಳೆಯ ತುಣುಕನ್ನು ಮೊನ್ನೆ ಹೊಸ ಟ್ಯಾಗಿನಲ್ಲಿ ಹಾಕಿದೆ. ಪುಟ ತೆರೆದ ಕೂಡಲೇ ತಾನಾಗಿ ಓಡಬೇಕಾದರೆ ಸದ್ದು ಮುಚ್ಚಿರಬೇಕು. 2018ರಿಂದ ಕ್ರೋಮ್‌ನ ಕಟ್ಟುಪಾಡು. ಆನೆ ನಡೆಯುತ್ತದೆ, ಬ್ಯಾಂಡಿನವರ ಕೆನ್ನೆ ಉಬ್ಬುತ್ತದೆ, ಒತ್ತುವ ತನಕ ಏನೂ ಕೇಳಿಸುವುದಿಲ್ಲ.