ಅತ್ತಿಕಾಯಿಯೊಳಗಿನ ಗಂಡು ಹೆಣ್ಣಿನ ಲೆಕ್ಕ

ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ, ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಸಂಗಮದ ಬಳಿ, ಔದುಂಬರದ ನೆರಳಿನಲ್ಲಿ ಪಾರಾಯಣಕ್ಕೆ ಕುಳಿತ ಭಕ್ತರನ್ನು ವರ್ಷವಿಡೀ ಕಾಣಬಹುದು. ಆ ಔದುಂಬರವೇ ನಮ್ಮ ಹಳ್ಳದ ದಂಡೆಯ ಅತ್ತಿ ಗಿಡ. ಅದರ ಹೂವು ನಡುರಾತ್ರಿಯಲ್ಲಿ ಮಾತ್ರ ಅರಳುತ್ತದೆ, ಪುಣ್ಯವಂತರ ಕಣ್ಣಿಗಷ್ಟೇ ಬೀಳುತ್ತದೆ ಎಂಬ ಮಾತನ್ನು ಕೇಳುತ್ತಲೇ ನಾನು ಬೆಳೆದೆ. ಅದೇ ಹಿರಿಯರು ಇನ್ನೊಂದು ಮಾತನ್ನೂ ಹೇಳುತ್ತಿದ್ದರು: ಅತ್ತಿ ಹಣ್ಣು ಹೊಲಸು, ಅದರಲ್ಲಿ ಹುಳು ತಾನಾಗಿಯೇ ಹುಟ್ಟುತ್ತದೆ. ಎರಡೂ ಸುಳ್ಳು. ಆದರೆ ಎರಡು ಸುಳ್ಳಿನ ಹಿಂದೆಯೂ ಒಂದೇ ಸತ್ಯ ಅಡಗಿದೆ, ಮತ್ತು ಅದನ್ನು ನೋಡುವುದಕ್ಕೆ ಒಂದು ಬ್ಲೇಡು, ಒಂದು ಭೂತಗನ್ನಡಿ ಸಾಕು.

ಕಳೆದ ಬೇಸಿಗೆಯ ಒಂದು ಬೆಳಗ್ಗೆ ನಮ್ಮ ಹೊಲದ ಬದುವಿನ ಗಿಡದಿಂದ, ಇನ್ನೂ ಪೂರ್ತಿ ಕೆಂಪಾಗದ ಕಾಯಿಯೊಂದನ್ನು ಕಿತ್ತು ಎರಡು ಹೋಳು ಮಾಡಿದೆ. ಒಳಗೋಡೆಯ ತುಂಬ ಒತ್ತೊತ್ತಾಗಿ ನಿಂತಿದ್ದ ಸಾವಿರಾರು ಸಣ್ಣ ಎಳೆಗಳೇ ಹೂವುಗಳು. ನಾವು ಕಾಯಿ ಎಂದು ಕರೆಯುವುದು ಒಳಮುಖವಾಗಿ ಮಡಚಿಕೊಂಡ ಒಂದು ಹೂಗೊಂಚಲು. ಆ ಹೂಗಳ ನಡುವೆ ರೆಕ್ಕೆಯಿಲ್ಲದ, ಹಳದಿ ಬಣ್ಣದ ಹುಳುಗಳು ತೆವಳುತ್ತಿದ್ದವು. ಅವು ಗಂಡು. ಕಪ್ಪಗೆ, ರೆಕ್ಕೆ ಬಿಡಿಸಿಕೊಳ್ಳುತ್ತಿದ್ದವು ಹೆಣ್ಣು. ಸುಮಾರು ಒಂದು ತಿಂಗಳ ಹಿಂದೆ ಇವುಗಳ ತಾಯಿ, ಒಂದೆರಡು ಮಿಲಿಮೀಟರಿನ ಕಣಜದ ಹುಳು, ಎಳೆಗಾಯಿಯ ವಾಸನೆ ಹಿಡಿದು ಬಂದು, ಅದರ ತುದಿಯ ಬಿಗಿಯಾದ ರಂಧ್ರದಲ್ಲಿ ನುಸುಳಿರುತ್ತಾಳೆ. ಆ ದಾರಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆಗಳು ಅಲ್ಲಿಯೇ ಮುರಿದು ಬೀಳುತ್ತವೆ. ಒಳಗೆ ಹೋದವಳು ಎದೆಯ ಬಳಿಯ ಪುಟ್ಟ ಚೀಲಗಳಿಂದ ಪರಾಗ ತೆಗೆದು ಹೂಗಳಿಗೆ ಹಚ್ಚುತ್ತಾಳೆ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತಾಳೆ. ಮೊಟ್ಟೆ ಬಿದ್ದ ಹೂವು ಮರಿಯ ಮನೆಯಾಗುತ್ತದೆ, ಉಳಿದದ್ದು ಬೀಜವಾಗುತ್ತದೆ. ಹುಳುವಿಲ್ಲದೆ ಅತ್ತಿಗೆ ಬೀಜವಿಲ್ಲ, ಅತ್ತಿಯಿಲ್ಲದೆ ಆ ಹುಳುವಿಗೆ ಸಂತಾನವಿಲ್ಲ. ಈ ನಂಟಿಗೆ ಏಳೆಂಟು ಕೋಟಿ ವರ್ಷಗಳ ವಯಸ್ಸು.

ಹೂವು ಕಾಣದಿರುವುದನ್ನು ದುರ್ಲಭತೆಗೆ ಹೋಲಿಸುವ ರೂಢಿ ಹಳೆಯದು. ಬೌದ್ಧ ಗ್ರಂಥಗಳಲ್ಲಿ ಉದುಂಬರದ ಹೂವೆಂದರೆ ಅಪರೂಪದಲ್ಲಿ ಅಪರೂಪ. ಇದೇ ಭೀಮಾ ದಂಡೆಯ ಸನ್ನತಿಯಲ್ಲಿ ಸ್ತೂಪ ಕಟ್ಟಿದವರಿಗೂ ಆ ಉಪಮೆ ಪರಿಚಿತವಾಗಿದ್ದೀತು. ಅತ್ತ ಗ್ರೀಸಿನಲ್ಲಿ ಅರಿಸ್ಟಾಟಲ್, ಅತ್ತಿಯದೇ ಕುಲದ ಕಾಡು ಅಂಜೂರದೊಳಗೆ ಹುಳುವಾಗಿ ಬೆಳೆದ ಕೀಟವು ಹೊರಬಂದು ಬೇರೆ ಎಳೆಗಾಯಿಗಳನ್ನು ಹೊಗುತ್ತದೆ ಎಂದು ಬರೆದಿಟ್ಟಿದ್ದ. ಆ ತಿಳಿವಳಿಕೆಯನ್ನು ಅಲಕ್ಷಿಸಿದರೆ ಏನಾಗುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯದ ರೈತರು ಅನುಭವಿಸಿದರು. 1880ರ ದಶಕದಲ್ಲಿ ಈಗಿನ ಟರ್ಕಿಯ ಸ್ಮರ್ನಾದಿಂದ ತರಿಸಿ ನೆಟ್ಟ ಅಂಜೂರದ ಗಿಡಗಳು ಚೆನ್ನಾಗಿಯೇ ಬೆಳೆದವು, ಆದರೆ ಕಾಯಿಗಳೆಲ್ಲ ಬಲಿಯುವ ಮೊದಲೇ ಉದುರಿದವು. 1899ರಲ್ಲಿ ಕಣಜದ ಹುಳು ಅಲ್ಲಿ ನೆಲೆಯೂರಿದ ಮೇಲೆಯೇ ಫಸಲು ಕೈಗೆ ಬಂದದ್ದು.

ನನ್ನನ್ನು ಬೆರಗುಗೊಳಿಸಿದ್ದು ಇದಲ್ಲ. ಭೂತಗನ್ನಡಿಯಲ್ಲಿ ಎಣಿಸಿದಾಗ ಕಂಡ ಗಂಡುಗಳ ಕೊರತೆ. ಬಹುತೇಕ ಪ್ರಾಣಿಗಳಲ್ಲಿ ಗಂಡು ಹೆಣ್ಣು ಸರಿಸಮ ಹುಟ್ಟುವಾಗ ಇಲ್ಲೇಕೆ ಹೆಣ್ಣಿನ ರಾಶಿ, ಗಂಡಿನ ಚಿಟಿಕೆ? ಕಾರಣ, ಒಬ್ಬಳೇ ತಾಯಿ ಹೊಕ್ಕ ಕಾಯಿಯಲ್ಲಿ ಅಣ್ಣತಮ್ಮಂದಿರೇ ತಮ್ಮ ಅಕ್ಕತಂಗಿಯರನ್ನು ಕೂಡುತ್ತಾರೆ. ಊರ ಹಿಂಡಿಗೆ ಒಂದು ಗೂಳಿ ಸಾಕು. ಒಂದು ಕೂರಿಗೆಯಿಂದ ಬಿತ್ತಿ ಮುಗಿಯುವ ಹೊಲಕ್ಕೆ ಹತ್ತು ಕೂರಿಗೆ ಮಾಡಿಸಿದವನು ಬೀಜದ ದುಡ್ಡನ್ನು ಕಳೆದುಕೊಳ್ಳುತ್ತಾನೆಯೇ ಹೊರತು ಅವನ ಬೆಳೆ ಹೆಚ್ಚುವುದಿಲ್ಲ. ಹಾಗೆಯೇ, ಹೆಚ್ಚುವರಿ ಗಂಡುಮಗನಿಂದ ತಾಯಿಗೆ ಒಂದೇ ಒಂದು ಮೊಮ್ಮಗು ಹೆಚ್ಚುವುದಿಲ್ಲ. ಆದರೆ ಅದೇ ಕಾಯಿಗೆ ಇನ್ನೊಬ್ಬ ತಾಯಿ ಬಂದರೆ ಲೆಕ್ಕವೇ ಬದಲಾಗುತ್ತದೆ: ಪಾಲಿನ ಬಾವಿಗೆ ಪಕ್ಕದವನೂ ಮೋಟಾರು ಇಳಿಸಿದ ಮೇಲೆ ನಾವೂ ನಮ್ಮ ಮೋಟಾರನ್ನು ದೊಡ್ಡದು ಮಾಡಬೇಕಾಗುತ್ತದೆಯಲ್ಲ, ಹಾಗೆ ಗಂಡುಮಕ್ಕಳ ಪಾಲು ಏರಬೇಕು. ಬ್ರಿಟನ್ನಿನ ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1967ರಲ್ಲಿ ಇದನ್ನು ಗಣಿತವಾಗಿ ತೋರಿಸಿದರು. ಅವರ ಸರಳ ಸೂತ್ರದಂತೆ ಇಬ್ಬರು ತಾಯಂದಿರಿದ್ದರೆ ನಾಲ್ಕರಲ್ಲಿ ಒಂದು ಪಾಲು ಗಂಡು, ನಾಲ್ವರಿದ್ದರೆ ಎಂಟರಲ್ಲಿ ಮೂರು ಪಾಲು. ಪನಾಮಾದ ಅತ್ತಿ ಕುಲದ ಮರಗಳಲ್ಲಿ ಅಲನ್ ಹೆರೆ ಅವರು ಎಣಿಸಿ ನೋಡಿ 1985ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದೇ ದಿಕ್ಕಿನಲ್ಲಿತ್ತು.

ಹುಳು ಗಣಿತ ಕಲಿತಿಲ್ಲ. ಕಣಜಗಳಲ್ಲಿ ವೀರ್ಯ ಸೇರಿದ ಮೊಟ್ಟೆ ಹೆಣ್ಣಾಗುತ್ತದೆ, ಸೇರದ್ದು ಗಂಡಾಗುತ್ತದೆ. ತಾಯಿ ತನ್ನೊಳಗೆ ಕೂಡಿಟ್ಟ ವೀರ್ಯವನ್ನು, ಕಾಲುವೆಯ ತೂಬು ತೆಗೆದು ಮುಚ್ಚಿದಂತೆ, ಮೊಟ್ಟೆಗೆ ಬಿಡಬಲ್ಲಳು ಅಥವಾ ತಡೆಯಬಲ್ಲಳು. ಸಂದರ್ಭ ಮೀರಿ ಗಂಡುಗಳನ್ನು ಹೆತ್ತ ತಾಯಂದಿರ ವಂಶ ತಲೆಮಾರಿನಿಂದ ತಲೆಮಾರಿಗೆ ಕ್ಷೀಣಿಸಿತು, ಅಳತೆಯಿಟ್ಟು ಹೆತ್ತವರ ವಂಶ ಉಳಿಯಿತು. ಕೋಟ್ಯಂತರ ವರ್ಷ ನಡೆದ ಆ ಸೋಸುವಿಕೆಯನ್ನೇ ವಿಕಾಸ ಎನ್ನುತ್ತೇವೆ.

ನಾನು ನೋಡುತ್ತಿದ್ದ ಹೋಳಿನಲ್ಲಿ ಗಂಡುಗಳು ಆಗಲೇ ಕೂಟ ಮುಗಿಸಿ ಕಾಯಿಯ ಗೋಡೆಯನ್ನು ಕೊರೆಯತೊಡಗಿದ್ದವು. ಹೆಣ್ಣುಗಳು ಪರಾಗ ತುಂಬಿಕೊಂಡು ಆ ಸುರಂಗದಿಂದ ಹೊರಬಿದ್ದು, ಒಂದೆರಡು ದಿನದ ಆಯುಷ್ಯದೊಳಗೆ ಎಳೆಗಾಯಿ ಬಿಟ್ಟ ಮತ್ತೊಂದು ಗಿಡವನ್ನು ಹುಡುಕಬೇಕು. ತಮ್ಮ ಗಿಡದಲ್ಲಿ ಆ ಹೊತ್ತಿಗೆ ಸಾಮಾನ್ಯವಾಗಿ ಎಳೆಗಾಯಿ ಇರುವುದಿಲ್ಲ. ಅವು ಹಾರಿಹೋದ ಮೇಲೆಯೇ ಕಾಯಿ ಮೆತ್ತಗಾಗಿ, ಕೆಂಪಾಗಿ, ಹಕ್ಕಿ ಬಾವಲಿಗಳನ್ನು ಕರೆಯುತ್ತದೆ. ಹಾಗಾಗಿ ಗಿಡದ ಬುಡದಲ್ಲಿ ಬಿದ್ದ ಹಣ್ಣನ್ನು ಬಿಚ್ಚಿ, ಹುಳ ಹುಟ್ಟಿದೆ ಎಂದು ನಮ್ಮ ಹಿರಿಯರು ಎಸೆಯುತ್ತಿದ್ದಾಗ ಅದರಲ್ಲಿ ಹೆಚ್ಚಾಗಿ ಉಳಿದಿರುತ್ತಿದ್ದುದು, ಹೊರಗಿನ ಬೆಳಕಿನಲ್ಲಿ ಎಂದೂ ಹಾರದೆ ಅಕ್ಕತಂಗಿಯರಿಗೆ ದಾರಿ ಕೊರೆದು ಸತ್ತ ಆ ಹಳದಿ ಗಂಡುಗಳು.