ಹೃದಯ–ಮೆದುಳಿನ ದೀರ್ಘಕಾಲದ ಅಧ್ಯಯನ: ಮತ್ತೆ ಮತ್ತೆ ಬರುವವರು ಯಾಕೆ ಮುಖ್ಯ?

ಕೋಹಾರ್ಟ್ ಅಧ್ಯಯನ ಅಂದ್ರೆ ಏನು ಅಂತ ಪರೀಕ್ಷೆಯಲ್ಲಿ ಕೇಳಿದರೆ ನಾವೆಲ್ಲ ಒಂದೇ ವಾಕ್ಯ ಬರೆಯುತ್ತೇವೆ. ಒಂದಷ್ಟು ಜನರನ್ನು ಸೇರಿಸಿಕೊಂಡು, ವರ್ಷಗಟ್ಟಲೆ ಗಮನಿಸಿ, ಯಾರಿಗೆ ಯಾವ ಕಾಯಿಲೆ ಬಂತು ಅಂತ ನೋಡುವುದು. ಉತ್ತರ ಸರಿ. ಆದರೆ ಅಷ್ಟು ವರ್ಷ ಜನರನ್ನು ಜೊತೆಯಲ್ಲಿ ಉಳಿಸಿಕೊಳ್ಳುವುದೇ ಅದರ ಕಷ್ಟ. ಪಠ್ಯದಲ್ಲಿ ಇದಕ್ಕೆ ಜಾಸ್ತಿ ಜಾಗ ಸಿಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರಿಗೂ ಗೊತ್ತಿರುವ ಉದಾಹರಣೆ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಹೃದಯ ಅಧ್ಯಯನ. 1948ರಲ್ಲಿ ಆ ಪಟ್ಟಣದ 5,209 ಜನರಿಂದ ಶುರುವಾಯಿತು. ಎರಡು ವರ್ಷಕ್ಕೊಮ್ಮೆ ತಪಾಸಣೆ. 1971ರಲ್ಲಿ ಅವರ ಮಕ್ಕಳು ಸೇರಿದರು, 2002ರಿಂದ ಮೊಮ್ಮಕ್ಕಳು. ವಯಸ್ಸಾದ ಮೇಲೆ ಬಿಪಿ ಏರುವುದು ಸಹಜ ಅಂತ ಆಗಿನ ಎಷ್ಟೋ ವೈದ್ಯರು ಸುಮ್ಮನಿದ್ದರು. ಅದು ಸುಮ್ಮನೆ ಬಿಡುವ ವಿಷಯವಲ್ಲ ಅಂತ ತೋರಿಸಿದ್ದು ಇಂಥ ಅಧ್ಯಯನಗಳೇ. ಮುಂದೆ ಪಾರ್ಶ್ವವಾಯು, ಮರೆವಿನ ಕಾಯಿಲೆಗಳನ್ನೂ ಅಲ್ಲೇ ಗಮನಿಸಿದರು.

ಹೃದಯಕ್ಕೂ ಮೆದುಳಿಗೂ ಏನು ಸಂಬಂಧ? ಮೆದುಳಿನ ತೂಕ ದೇಹದ ಶೇ. 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿದ್ದಾಗಲೂ ಹೃದಯ ಕಳಿಸುವ ರಕ್ತದಲ್ಲಿ ಸುಮಾರು ಶೇ. 15 ಅದಕ್ಕೇ ಹೋಗುತ್ತದೆ. ಬಿಪಿ ವರ್ಷಗಟ್ಟಲೆ ಜಾಸ್ತಿ ಇದ್ದರೆ ಮೆದುಳಿನ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಮೊದಮೊದಲು ರೋಗಿಗೆ ಗೊತ್ತೇ ಆಗುವುದಿಲ್ಲ, ಎಂಆರ್‌ಐ ಸ್ಕ್ಯಾನಿನಲ್ಲಿ ಮಾತ್ರ ಕಾಣುತ್ತದೆ. ಹಾಗಾಗಿ ನಲವತ್ತರಲ್ಲಿ ಬರೆದಿಟ್ಟ ಬಿಪಿಯನ್ನು ಎಪ್ಪತ್ತರ ನೆನಪಿನ ಜೊತೆ ಹೋಲಿಸಿ ನೋಡಬೇಕು. ಒಂದೇ ದಿನದ ಕ್ಯಾಂಪಿನಲ್ಲಿ ಇದು ಆಗದು.

ದಾವಣಗೆರೆಯಲ್ಲಿ ಇಂಥದ್ದೊಂದು ಅಧ್ಯಯನ ನಡೆಯುತ್ತಿದೆ ಅಂದುಕೊಳ್ಳೋಣ. ವಿನೋಬನಗರದ ಅಜ್ಜಿಯೊಬ್ಬರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ರಕ್ತ ಕೊಟ್ಟ ಮೇಲೇ ತಿಂಡಿ. ಬಿಪಿ ನೋಡುವ ಮೊದಲು ಐದು ನಿಮಿಷ ಬೆನ್ನು ಆನಿಸಿ ಸುಮ್ನೆ ಕೂರಬೇಕು, ಮಾತಾಡುವ ಹಾಗಿಲ್ಲ. ಎಂಆರ್‌ಐಗೆ ಮುಂಚೆ ತಾಳಿ, ಕಾಲುಂಗುರ, ಸೀರೆಯ ಪಿನ್ನು ಎಲ್ಲ ತೆಗೆಯಬೇಕು. ತಾಳಿ ತೆಗೆಯಿರಿ ಅಂತ ಬಾಗಿಲ ಹತ್ತಿರ ಹೇಳಿದರೆ ಎಷ್ಟೋ ಜನ ವಾಪಸ್ ಹೋಗಿಬಿಡುತ್ತಾರೆ. ಮೊದಲೇ ಮನೆಗೆ ಹೋದಾಗ, "ಅಜ್ಜಿ, ಸ್ವಲ್ಪ ಹೊತ್ತು ತಾಳಿ ತೆಗೆಯಬೇಕಾಗುತ್ತೆ, ನಿಮ್ಮ ಸೊಸೆ ಕೈಯಲ್ಲೇ ಇರಲಿ" ಅಂತ ಹೇಳಿಡುವುದು ವಾಸಿ. ಆಮೇಲೆ ನೆನಪಿನ ಪರೀಕ್ಷೆ: ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ, ಕೇಳಿದ ಪದಗಳಲ್ಲಿ ಎಷ್ಟು ನೆನಪಿವೆ. ಶಾಲೆಗೇ ಹೋಗದ ಅಜ್ಜಿಗೆ ಗಡಿಯಾರದ ಚಿತ್ರ ಬರೆಸಿ, ಬರಲಿಲ್ಲ ಅಂತ ಅಂಕ ಕಳೆದರೆ ಅದು ಅನ್ಯಾಯ, ತಪ್ಪು ಮಾಹಿತಿ ಕೂಡ.

ಈಗ ಮುಖ್ಯ ಲೆಕ್ಕ. ಸಂಖ್ಯೆಗಳು ಅರ್ಥವಾಗಲಿ ಅಂತ ಹಾಕಿದ್ದು. 100 ಜನ ಸೇರಿದರು. ಹತ್ತು ವರ್ಷದ ನಂತರ 70 ಜನ ಬಂದರು, ಅವರಲ್ಲಿ 7 ಮಂದಿಗೆ ಪಾರ್ಶ್ವವಾಯು ಆಗಿತ್ತು. ಶೇ. 10 ಅಂತ ಬರೆದುಬಿಡಬಹುದಾ? ಬಾರದ 30 ಜನ ಯಾರು? ಒಬ್ಬರು ಮಗನ ಮನೆಗೆ ಬೆಂಗಳೂರಿಗೆ ಹೋದರು. ಇನ್ನೊಬ್ಬರು ಹಾಸಿಗೆ ಹಿಡಿದಿದ್ದಾರೆ, ಆಟೋ ಹತ್ತಲಾರರು. ಮತ್ತೊಬ್ಬರಿಗೆ ಮರೆವು, ಬರಬೇಕು ಅನ್ನೋದೇ ನೆನಪಿಲ್ಲ. ಆ 30ರಲ್ಲಿ 9 ಜನರಿಗೆ ಪಾರ್ಶ್ವವಾಯು ಆಗಿದ್ದರೆ ನಿಜವಾದ ಉತ್ತರ ಶೇ. 16. ನಮಗೆ ಯಾರ ವಿವರ ತುಂಬಾ ಬೇಕೋ ಅವರೇ ಕೈತಪ್ಪುತ್ತಾರೆ. ಹೊಸದಾಗಿ ಇನ್ನೂ 30 ಜನರನ್ನು ಸೇರಿಸಿದರೆ ಈ ತಪ್ಪು ಸರಿಹೋಗದು. ಫೋನ್ ಮಾಡಬೇಕು, ಮನೆಗೆ ಹೋಗಬೇಕು, ಮಗನ ನಂಬರೂ ಬರೆದುಕೊಂಡಿರಬೇಕು.

ಹಾಗಂತ ಒತ್ತಾಯ ಮಾಡುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಯಾರು ಬೇಕಾದರೂ ಯಾವಾಗ ಬೇಕಾದರೂ ಬಿಡಬಹುದು, ಅದಕ್ಕಾಗಿ ಅವರ ಚಿಕಿತ್ಸೆಗೆ ತೊಂದರೆ ಆಗಬಾರದು. "ಇದರಿಂದ ನನಗೇನು ಲಾಭ?" ಅಂತ ಕೇಳಿದರೆ ನೇರವಾಗಿ ಹೇಳಿ: ಇಲ್ಲಿ ಔಷಧ ಕೊಡುವುದಿಲ್ಲ, ಇದು ಚಿಕಿತ್ಸೆಯಲ್ಲ. ಬಿಪಿ, ಸಕ್ಕರೆ ಏರುಪೇರಾಗಿದ್ದರೆ ತಿಳಿಸಿ ಆಸ್ಪತ್ರೆಗೆ ಕಳಿಸುತ್ತೇವೆ. ಇದಕ್ಕಿಂತ ಜಾಸ್ತಿ ಆಸೆ ಹುಟ್ಟಿಸಿದರೆ ಎರಡನೇ ಸಲ ಅವರು ಬರುವುದಿಲ್ಲ.

ಫ್ರೇಮಿಂಗ್‌ಹ್ಯಾಮ್ ಇರುವಾಗ ನಮಗೆ ಬೇರೆ ಯಾಕೆ ಅಂತ ಕೇಳಬಹುದು. ಅಲ್ಲಿ ಮೊದಲು ಸೇರಿದವರು ಬಹುತೇಕ ಬಿಳಿಯರು. ಅವರ ಮಾಹಿತಿಯಿಂದ ಮಾಡಿದ, ಕಾಯಿಲೆಯ ಅಪಾಯ ಲೆಕ್ಕ ಹಾಕುವ ಸೂತ್ರ ನಮ್ಮವರ ಅಪಾಯವನ್ನು ಸರಿಯಾಗಿ ಹೇಳುತ್ತದೆ ಅನ್ನುವ ಖಾತ್ರಿ ಇಲ್ಲ. ನಮ್ಮಲ್ಲೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಆವರಣದ ಮೆದುಳು ಸಂಶೋಧನಾ ಕೇಂದ್ರ 45 ದಾಟಿದವರನ್ನು ಹೀಗೇ ಗಮನಿಸುತ್ತಿದೆ. ಗುರಿ 10,000 ಜನ. ಕೋಹಾರ್ಟ್‌ಗೆ ಉದಾಹರಣೆ ಕೊಡಿ ಅಂತ ಪ್ರಶ್ನೆ ಬಂದರೆ ಫ್ರೇಮಿಂಗ್‌ಹ್ಯಾಮ್ ಜೊತೆ ಇದನ್ನೂ ಬರೆಯಿರಿ.